ಸೂಟು ಕಳೆದು

ಡಬ್ಬಿಯ ಮೇಲೆ ಹದಿನಾರು ಟೆರಾಬೈಟ್ ಎಂದು ಅಚ್ಚಾಗಿತ್ತು.
ಕೂರಿಸಿ, ತಿರುಪು ಬಿಗಿದು, ಎಬ್ಬಿಸಿ ಕೇಳಿದರೆ
ಹದಿನಾಲ್ಕೂವರೆ ಅಂದಿತು ಯಂತ್ರ.

"ಸೂಟು ಹಿಡ್ದವ್ರೆ ಕಣವ್ವ," ಅಂದ ಜವರಯ್ಯ
ಬಾಗಿಲಿಗೆ ಒರಗಿ, ಹಚ್ಚದ ಬೀಡಿ ತುಟಿಯಲ್ಲಿಟ್ಟು.
ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಮೂವತ್ತೊಂದು ವರ್ಷ ಮೂಟೆ ಹೊತ್ತು
ಈಗ ನಮ್ಮ ಸ್ಕ್ಯಾನ್ ಸೆಂಟರಿನ ರಾತ್ರಿ ಕಾವಲು.
"ಮಣ್ಗಿಷ್ಟು, ಕೊಳ್ತದ್ದಕ್ಕಿಷ್ಟು, ಗೋಣೀಗಿಷ್ಟು.
ಬರ್ದಿದ್ದಷ್ಟೂ ಯಾವ ತಕ್ಕಡೀಲಿ ಬಂದೈತೆ?"

ಅವರದು ಸಾವಿರದ ಲೆಕ್ಕ,
ಇದರದು ಸಾವಿರದಿಪ್ಪತ್ತನಾಲ್ಕರ ಲೆಕ್ಕ,
ಸುಳ್ಳು ಯಾರೂ ಹೇಳಿಲ್ಲ ಅಂದೆ.
"ಸೂಟೂ ಹಂಗೇಯ. ಸುಳ್ಳಲ್ಲ."

ರಾತ್ರಿ ಹನ್ನೊಂದು. ಬಿ.ಎಂ. ರಸ್ತೆಯಲ್ಲಿ
ಮಂಗಳೂರಿನ ಟ್ಯಾಂಕರುಗಳು ಗೋಡೆ ನಡುಗಿಸಿ ಹೋಗುತ್ತವೆ.
ಹಳೆಯ ಡಿಸ್ಕು ತುಂಬಿ ಕಟಕಟ ಅನ್ನುತ್ತದೆ,
ಉಂಡು ಹೆಚ್ಚಾದವರ ದವಡೆಯಂತೆ.

ಎರಡು ವರ್ಷದಿಂದ ತಿಂಗಳ ಕೊನೆಗೆ
ಹಿಂದಿನವರನ್ನು ಅಳಿಸುವುದು ನನ್ನ ಪಾಳಿ.
ದುದ್ದದ ಮೊಣಕಾಲು, ಸಾಲಗಾಮೆಯ ಶ್ವಾಸಕೋಶ,
ಕಟ್ಟಾಯದ ಒಬ್ಬಳ ಹೊಟ್ಟೆಯಲ್ಲಿ
ಹುರುಳಿಕಾಳಿನಷ್ಟು ಒಂದು ಬಡಿತ.
ಗುರುತು ಮಾಡು, ಒತ್ತು, ಹೌದು ಅನ್ನು.
ಆಷಾಢದಲ್ಲಿ ಒಬ್ಬ ಬಂದಿದ್ದ, ಹಳದಿ ರಸೀದಿ ಹಿಡಿದು:
"ಅಕ್ಕನ ತಲೆ ಚಿತ್ರ ಇನ್ನೊಂದ್ ಸಲ ಕೊಡ್ತೀರ?
ಬೇರೆ ಫೋಟೋ ತೆಗ್ಸಿರ್ಲಿಲ್ಲ."
ಇಲ್ಲ ಅಂದೆ.
ಯಾರು ಅಳಿಸಿದ್ದು ಅಂತ ಅವನು ಕೇಳಲಿಲ್ಲ.

ಇದಕ್ಕೆ ಮೊದಲು ಹದ್ದುಬಸ್ತು ಆಗಬೇಕು.
ಹಳೆಯ ಪದ್ಧತಿಯ ಖಾತೆಯಲ್ಲಿ
ಎರಡು ಟೆರಾಬೈಟಿನಾಚೆ ಬರೆಯಲು ಅಂಕಿಯೇ ಇಲ್ಲ;
ಮಿಕ್ಕ ನೆಲ ಇದ್ದೂ ಬೀಳು.
ಹೊಸ ಖಾತೆ ತೆರೆದೆ. ಒಂದೇ ತುಂಡು,
ನಡುವೆ ಬಾಂದುಕಲ್ಲು ಬೇಡ.

ಹೆಸರು? ಈ ದಿನ ಎರಡನೆಯವನು ಅನಿಸಿಕೊಂಡದ್ದು
ನಾಳೆ ತಂತಿ ಬದಲಿಸಿದರೆ ಮೂರನೆಯವನು.
ಅದಕ್ಕೇ ಅದರ ಮೈಮೇಲಿನ ಮಚ್ಚೆಯನ್ನೇ ನಕಲು ಮಾಡಿದೆ:
ಮೂವತ್ತೆರಡು ಅಕ್ಷರ, ನಡುವೆ ನಾಲ್ಕು ಅಡ್ಡಗೆರೆ.
ಒಂದು ತಪ್ಪಿದರೂ ಬೆಳಿಗ್ಗೆ ಯಂತ್ರ ಏಳುವುದಿಲ್ಲ,
ಏಳೂವರೆಗೆ ಫಿಲೋಮಿನಾ ಬಂದು
ಖಾಲಿ ಹೊಟ್ಟೆಯ ಸರದಿಯವರ ಮುಂದೆ ನನಗೆ ಫೋನು ಮಾಡುತ್ತಾಳೆ.
ಬೆರಳಿಟ್ಟು ಮೂರು ಸಲ ಓದಿದೆ.
ಆರಿಸಿ, ಎಬ್ಬಿಸಿದೆ.
ಎದ್ದಿತು.

ಒಳಗೆ ಇಣುಕಿದೆ. ಇನ್ನೂ ಯಾರೂ ಕಾಲಿಡದ ಆ ಬಯಲಲ್ಲಿ
ಆಗಲೇ ಒಂದು ಕೋಣೆ.
ನಾನು ಕಟ್ಟಿದ್ದಲ್ಲ. ಬಾಗಿಲ ಮೇಲೆ:
ಕಳೆದದ್ದು, ಸಿಕ್ಕಿದ್ದು.
ಕಳೆಯಲು ಏನೂ ಇಲ್ಲದ ಹೊತ್ತಿನಲ್ಲೇ
ಕಳೆದದ್ದಕ್ಕೆ ಜಾಗ ಬಿಟ್ಟಿದ್ದಾರೆ ಇದನ್ನು ಮಾಡಿದವರು.
ಅವರೂ ಎಂದೋ ಏನನ್ನೋ ಅಳಿಸಿರಬೇಕು.
ತೆರೆದೆ. ಖಾಲಿ.
ಗೊತ್ತಿತ್ತು, ಆದರೂ ತೆರೆದೆ.

"ಎಲ್ಲಿ, ಯಾರ್ದಾದ್ರೂ ಒಂದಾಕಿ ನೋಡು," ಅಂದ.
ಸಂಜೆ ಕೆಮ್ಮೆಂದು ತೆಗೆಸಿದ ಅವನದೇ ಎದೆ ಇತ್ತು.
ಹಳೆಯದರಿಂದ ಹೊಸದಕ್ಕೆ, ಒಂದು ಉಸಿರಿನಲ್ಲಿ.
ತೆರೆಯ ಮೇಲೆ ಬೆಳ್ಳಗೆ ನಿಂತವು ಪಕ್ಕೆಲುಬು.
ಬಲಭುಜ ಒಂದು ಬೆರಳು ಕೆಳಗೆ,
ಮೂಟೆ ಇಳಿಸಿ ಹತ್ತು ವರ್ಷವಾದರೂ
ಎಲುಬು ಇನ್ನೂ ಇಳಿಸಿಲ್ಲ.

"ಏಸು ಜಾಗ ಹಿಡ್ದೆ ನಾನು?"

ಹದಿನಾಲ್ಕೂವರೆಯಲ್ಲಿ ಅವನದು
ಮಂಡಿಯ ಅಂಗಳದಲ್ಲಿ ಬಿದ್ದ ಒಂದು ಸಾಸಿವೆಯೂ ಅಲ್ಲ.
ಆದರೆ ಸೊನ್ನೆಗಿಂತ ಕೂದಲೆಳೆ ಹೆಚ್ಚಿದ್ದರೂ
ಈ ಲೆಕ್ಕ ಮೇಲಕ್ಕೇ ಏರಿಸಿ ಬರೆಯುತ್ತದೆ.
ತೆರೆಯನ್ನು ಅವನತ್ತ ತಿರುಗಿಸಿದೆ:
ನೂರಕ್ಕೆ ಒಂದು.

ಬೀಡಿ ಕೈಗೆ ತೆಗೆದ.
ಹತ್ತಿರ ಬಂದು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ,
ಆ ಒಂದನ್ನು ಬಹಳ ಹೊತ್ತು ನೋಡಿದ.
"ಸೂಟು?"
ಹಿಡಿದಿಲ್ಲ ಅಂದೆ.